ಮನೆಯಲ್ಲಿ ಮಾಡಿದ ಸೋಪು ಕೆಟ್ಟರೆ ಮೊದಲು ತೂಕದ ಚೀಟಿ ನೋಡಿ

ನನ್ನ ಮೊದಲ ಸೋಪು ಚಾಕು ಇಟ್ಟ ಕೂಡಲೇ ಸೀಮೆಸುಣ್ಣದ ಹಾಗೆ ಪುಡಿಯಾಯಿತು. ಎಣ್ಣೆ ಒಳ್ಳೆಯದೇ, ತಿಪಟೂರು ಕಡೆ ಗಾಣದಲ್ಲಿ ಆಡಿಸಿ ಅತ್ತೆ ಕಳಿಸಿದ್ದ ಅಪ್ಪಟ ಕೊಬ್ಬರಿ ಎಣ್ಣೆ. ಎಣ್ಣೆಯನ್ನ ಸೋಪಾಗಿಸೋ ಕಾಸ್ಟಿಕ್ ಸೋಡಾ ಕೂಡ ಸೀಲ್ ಒಡೆಯದ ಹೊಸ ಡಬ್ಬಿ. ಕಡೆದಾಗ ಹದವಾಗಿ ಗಟ್ಟಿಯೂ ಆಗಿತ್ತು. ಎರಡು ದಿನ ಯೋಚನೆ ಮಾಡಿದ ಮೇಲೆ ತಪ್ಪು ಸಿಕ್ಕಿತು. ನಾನು ಎಣ್ಣೆಯನ್ನ ತೂಗಿರಲಿಲ್ಲ, ಅಳೆದಿದ್ದೆ. ಅರ್ಧ ಲೀಟರ್ ಅಂದರೆ 500 ಗ್ರಾಂ ಅಂದುಕೊಂಡಿದ್ದೆ. ಅಂಗಡಿಯ ಎಣ್ಣೆ ಪ್ಯಾಕೆಟ್ ತಿರುಗಿಸಿ ನೋಡಿ, 1 ಲೀಟರ್ ಅಂತ ಇರೋ ಕಡೆಯೇ 910 ಗ್ರಾಂ ಅಂತಲೂ ಬರೆದಿರುತ್ತದೆ. ನೀರಿಗಿಂತ ಎಣ್ಣೆ ಹಗುರ. ಹಾಗಾಗಿ ನನ್ನ ಅರ್ಧ ಲೀಟರ್ ನಿಜವಾಗಿ 455 ಗ್ರಾಂ ಆಗಿತ್ತು. 45 ಗ್ರಾಂ ಎಣ್ಣೆ ಕಮ್ಮಿ ಬಿದ್ದಿತ್ತು, ಕಾಸ್ಟಿಕ್ ಮಾತ್ರ 500 ಗ್ರಾಮಿನ ಲೆಕ್ಕದ್ದು.

ಆಮೇಲೆ ತುಮಕೂರಿನ ನಮ್ಮ ಬೀದಿಯಲ್ಲಿ ಇನ್ನೂ ಮೂರು ಮನೆಯವರು ಸೋಪು ಮಾಡೋಕೆ ಶುರು ಮಾಡಿದರು. ಕೆಟ್ಟ ಬಿಲ್ಲೆ ಹಿಡಿದುಕೊಂಡು "ಅಕ್ಕಾ, ಇದ್ಯಾಕೆ ಹಿಂಗಾಯ್ತು ನೋಡಿ" ಅಂತ ಬರುತ್ತಾರೆ. ನಾನು ಬಿಲ್ಲೆಯನ್ನ ಆಮೇಲೆ ನೋಡುತ್ತೇನೆ, ಮೊದಲು ಚೀಟಿ ಕೇಳುತ್ತೇನೆ. ಯಾವ ಎಣ್ಣೆ ಎಷ್ಟು ಗ್ರಾಂ, ಕಾಸ್ಟಿಕ್ ಎಷ್ಟು, ನೀರು ಎಷ್ಟು, ಅದು ಬೋರ್ ನೀರಾ ಕ್ಯಾನ್ ನೀರಾ, ಯಾವ ದಿನ ಅಚ್ಚಿಗೆ ಹಾಕಿದ್ದು, ಇಷ್ಟು ಬರೆದಿಟ್ಟಿದ್ದರೆ ಹತ್ತರಲ್ಲಿ ಏಳು ಸಲ ದೋಷ ಆ ಚೀಟಿಯಲ್ಲೇ ಕಾಣುತ್ತದೆ. ಮೊದಲು ತೂಕ, ಆಮೇಲೆ ನೀರು, ಆಮೇಲೆ ಎಣ್ಣೆ, ಕೊನೆಗೆ ಕಡೆದ ರೀತಿ. ಹೊಸಬರು ಇದನ್ನ ಉಲ್ಟಾ ಹುಡುಕುತ್ತಾರೆ. ನಾನು ಸರಿಯಾಗಿ ಕಡೆಯಲಿಲ್ಲವೇನೋ, ಕೈಗುಣ ಸರಿ ಇಲ್ಲವೇನೋ ಅಂತ ಬೇಜಾರು ಮಾಡಿಕೊಂಡು ಇನ್ನೊಂದು ಸಲ ಅದೇ ತಪ್ಪು ತೂಕದಲ್ಲಿ ಮಾಡುತ್ತಾರೆ.

ಕೆಟ್ಟ ಸೋಪನ್ನ ಮುಟ್ಟೋ ಮೊದಲು

ಕೆಟ್ಟಿರೋ ಸೋಪಿನಲ್ಲಿ ಎಣ್ಣೆ ಜೊತೆ ಸೇರದ ಕಾಸ್ಟಿಕ್ ಉಳಿದಿರಬಹುದು. ಅದು ಚರ್ಮ ಸುಡುತ್ತದೆ. ಹಾಗಾಗಿ ಪರೀಕ್ಷೆ ಮಾಡುವಾಗಲೂ ರಬ್ಬರ್ ಗ್ಲೌಸ್ ಮತ್ತು ಕಣ್ಣಿಗೆ ಕನ್ನಡಕ ಇರಲೇಬೇಕು. ಮೈಮೇಲೆ ಬಿದ್ದರೆ ನಲ್ಲಿ ಬಿಟ್ಟು 15-20 ನಿಮಿಷ ತೊಳೆಯುತ್ತಲೇ ಇರಿ, ನಿಂಬೆಹಣ್ಣು, ವಿನೆಗರ್ ಅಂತ ಹುಡುಕೋಕೆ ಹೋಗಬೇಡಿ. ಕಣ್ಣಿಗೆ ಹಾರಿದರೆ ತಕ್ಷಣ ತೊಳೆಯೋಕೆ ಶುರು ಮಾಡಿ, ಅಷ್ಟೇ ಹೊತ್ತು ತೊಳೆದು ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು, ಇದು ದೋಷಕ್ಕೆ ಸಂಬಂಧಿಸಿದ್ದಲ್ಲ ಆದರೂ ಹೇಳಲೇಬೇಕು. ಕಾಸ್ಟಿಕ್ ಕರಗಿಸಿದ ನೀರು ನೋಡೋಕೆ ಥೇಟ್ ಕುಡಿಯೋ ನೀರಿನ ಹಾಗೇ ಇರುತ್ತದೆ. ಅದನ್ನ ಯಾವತ್ತೂ ಲೋಟದಲ್ಲಾಗಲಿ, ನೀರಿನ ಬಾಟಲಿಯಲ್ಲಾಗಲಿ ಇಡಬೇಡಿ. ಮಕ್ಕಳಿರೋ ಮನೆಯಾದರೆ ಅವರು ಸ್ಕೂಲಿಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಈ ಕೆಲಸ ಮಾಡಿ.

ಹೋಲಿಸಿ ನೋಡೋಕೆ ಒಂದು ಸರಿಯಾದ ಲೆಕ್ಕ

ದೋಷ ಹುಡುಕಬೇಕಾದರೆ ಸರಿ ಯಾವುದು ಅಂತ ಗೊತ್ತಿರಬೇಕು, ಅಲ್ವಾ? ನಾನು ಈಗ ಮಾಡೋದು ಹೀಗೆ. ಕೊಬ್ಬರಿ ಎಣ್ಣೆ 300 ಗ್ರಾಂ, ಕಡಲೆಕಾಯಿ ಎಣ್ಣೆ 150, ಹರಳೆಣ್ಣೆ 50, ಒಟ್ಟು 500 ಗ್ರಾಂ. ಕಾಸ್ಟಿಕ್ ಸೋಡಾ 75 ಗ್ರಾಂ, ನೀರು 150 ಗ್ರಾಂ. ಒಂದೊಂದು ಎಣ್ಣೆಗೂ ಬೇಕಾದ ಕಾಸ್ಟಿಕ್ ಬೇರೆ ಬೇರೆ. ಒಂದು ಗ್ರಾಂ ಕೊಬ್ಬರಿ ಎಣ್ಣೆಗೆ 0.183 ಗ್ರಾಂ, ಕಡಲೆಕಾಯಿಗೆ 0.137, ಹರಳೆಣ್ಣೆಗೆ 0.128. ಗುಣಿಸಿ ಕೂಡಿದರೆ ಸುಮಾರು 82 ಗ್ರಾಂ ಬರುತ್ತದೆ. ಅಷ್ಟನ್ನೂ ಹಾಕಿದರೆ ಎಣ್ಣೆ ಒಂದು ಹನಿಯೂ ಉಳಿಯಲ್ಲ, ಮೈ ಒಣಗುತ್ತದೆ, ತೂಕ ಒಂಚೂರು ತಪ್ಪಿದರೆ ಉರಿಯುತ್ತದೆ. ಅದಕ್ಕೆ ನೂರಕ್ಕೆ 8ರಷ್ಟು ಕಮ್ಮಿ ಮಾಡಿ 75 ಹಾಕೋದು.

ಈ ಲೆಕ್ಕ ಇಟ್ಟುಕೊಂಡು ನಿಮ್ಮ ಚೀಟಿ ನೋಡಿ. ಕೊಬ್ಬರಿ ಎಣ್ಣೆ ಸಾಲಲಿಲ್ಲ ಅಂತ ಪೂರ್ತಿ 500 ಗ್ರಾಂ ಕಡಲೆಕಾಯಿ ಎಣ್ಣೆ ಹಾಕಿ ಕಾಸ್ಟಿಕ್ ಮಾತ್ರ ಅದೇ 75 ಇಟ್ಟಿದ್ದೀರಾ? ಕಡಲೆಕಾಯಿ ಎಣ್ಣೆಗೆ ಬೇಕಾಗಿದ್ದು ಹೆಚ್ಚೆಂದರೆ 68.5 ಗ್ರಾಂ. ಆರೂವರೆ ಗ್ರಾಂ ಕಾಸ್ಟಿಕ್ ಸುಮ್ನೆ ಉಳಿದುಬಿಟ್ಟಿತು. ಎಣ್ಣೆ ಬದಲಾಯಿಸಿದರೆ ಕಾಸ್ಟಿಕ್ ಲೆಕ್ಕವನ್ನೂ ಮತ್ತೆ ಮಾಡಲೇಬೇಕು. ಪಾವಗಡ, ಮಧುಗಿರಿ ಕಡೆಯವರಿಗೆ ಕಡಲೆಕಾಯಿ ಎಣ್ಣೆ ಸುಲಭವಾಗಿ ಸಿಗುತ್ತದೆ, ತಿಪಟೂರು, ತುರುವೇಕೆರೆ ಕಡೆಯವರಿಗೆ ಕೊಬ್ಬರಿ ಎಣ್ಣೆ. ಒಬ್ಬರ ಅಳತೆ ಇನ್ನೊಬ್ಬರಿಗೆ ಬಾಯಿಮಾತಲ್ಲಿ ದಾಟುವಾಗ ಈ ತಪ್ಪು ಜಾಸ್ತಿ ಆಗುತ್ತದೆ.

ತಕ್ಕಡಿಯನ್ನೂ ಅನುಮಾನದಿಂದಲೇ ನೋಡಿ. ಅಂಗಡಿಯ ಕೆಲವು ತೂಕದ ಯಂತ್ರಗಳು 5 ಗ್ರಾಂ, 5 ಗ್ರಾಂ ಲೆಕ್ಕದಲ್ಲಿ ತೋರಿಸುತ್ತವೆ, 75 ಅಂತ ತೋರಿಸಿದ್ದು 73 ಇರಬಹುದು, 77 ಇರಬಹುದು. ನಮ್ಮ ಕೈಯಲ್ಲಿರೋ ರಕ್ಷಣೆ ಬರೀ ಏಳು ಗ್ರಾಂ, ಅದರಲ್ಲಿ ಎರಡು ತಕ್ಕಡಿಯಲ್ಲೇ ಹೋಯಿತು. ಒಂದು ಗ್ರಾಂ ತೋರಿಸೋ ಯಂತ್ರ ಬೇಕು, ಬ್ಯಾಟರಿ ಹೊಸದಿರಬೇಕು. ಸರಿಯಾಗಿದೆಯಾ ಅಂತ ನೋಡೋಕೆ ಒಂದು ಸುಲಭದ ದಾರಿ ಇದೆ. ಹತ್ತು ರೂಪಾಯಿಯ ನಾಣ್ಯ 7.7 ಗ್ರಾಂ ತೂಗುತ್ತದೆ. ಹತ್ತು ನಾಣ್ಯ ಇಟ್ಟರೆ 77ರ ಆಸುಪಾಸು ತೋರಿಸಬೇಕು. 70 ಅಂತಲೋ 85 ಅಂತಲೋ ತೋರಿಸಿದರೆ ನಿಮ್ಮ ಸೋಪಿನ ದೋಷ ಅಲ್ಲೇ ಸಿಕ್ಕಿತು, ಮುಂದೆ ಓದೋದೂ ಬೇಡ.

ಕಾಸ್ಟಿಕ್ ಕರಗಿಸುವಾಗಲೇ ಏನೋ ಸರಿ ಇಲ್ಲ

150 ಗ್ರಾಂ ನೀರಿಗೆ 75 ಗ್ರಾಂ ಕಾಸ್ಟಿಕ್ ಹಾಕಿದರೆ ಅದು ಕಾಫಿ ಮಾಡೋ ನೀರಿನಷ್ಟು ಬಿಸಿಯಾಗುತ್ತದೆ, 80 ಡಿಗ್ರಿ ದಾಟುತ್ತದೆ, ಖಾರದ ಹಬೆ ಏಳುತ್ತದೆ. ಕಿಟಕಿ ತೆಗೆದಿಟ್ಟು, ಮುಖ ದೂರ ಇಟ್ಟು ಮಾಡಬೇಕು. ಯಾವಾಗಲೂ ನೀರಿಗೆ ಕಾಸ್ಟಿಕ್ ಹಾಕಿ. ಕಾಸ್ಟಿಕ್ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೇ ಹಾರುತ್ತದೆ.

ಬಿಸಿಯೇ ಆಗದೆ ಸುಮ್ನೆ ಬೆಚ್ಚಗಾಗಿ ನಿಂತಿತು ಅಂದರೆ ನೀವು ತಂದಿದ್ದು ಕಾಸ್ಟಿಕ್ ಸೋಡಾ ಅಲ್ಲ. ಅಂಗಡಿಯಲ್ಲಿ "ಸೋಡಾ ಕೊಡಿ" ಅಂದರೆ ಬಟ್ಟೆ ಒಗೆಯೋ ವಾಷಿಂಗ್ ಸೋಡಾ ಕಟ್ಟಿಕೊಡುತ್ತಾರೆ. ಅದರಿಂದ ಎಣ್ಣೆ ಸೋಪಾಗಲ್ಲ. ಎಷ್ಟು ಕಡೆದರೂ ಎಣ್ಣೆ ಮೇಲೆ, ನೀರು ಕೆಳಗೆ. ಪಕ್ಕದ ಬೀದಿಯ ಒಬ್ಬ ತಂಗಿ ಎರಡು ಗಂಟೆ ಕಡೆದು ಕೈ ನೋಯಿಸಿಕೊಂಡಿದ್ದಳು, ಪೊಟ್ಟಣ ನೋಡಿದರೆ ವಾಷಿಂಗ್ ಸೋಡಾ. ಇನ್ನೊಂದು ಸಾಧ್ಯತೆ, ಕಾಸ್ಟಿಕ್ ನಿಜವಾದದ್ದೇ, ಆದರೆ ಡಬ್ಬಿಯ ಮುಚ್ಚಳ ಸಡಿಲ ಇತ್ತು. ಅದು ಗಾಳಿಯ ತೇವ ಹೀರುತ್ತದೆ, ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ನಿಧಾನವಾಗಿ ವಾಷಿಂಗ್ ಸೋಡಾ ಆಗಿಬಿಡುತ್ತದೆ. ಬಿಡಿಬಿಡಿಯಾಗಿ ಇರಬೇಕಾದ ಚಕ್ಕೆಗಳು ಒಂದಕ್ಕೊಂದು ಅಂಟಿ ಗಂಟಾಗಿದ್ದರೆ ಆ ಡಬ್ಬಿಯನ್ನ ಸೋಪಿಗೆ ಬಳಸಬೇಡಿ. ಬಚ್ಚಲು ಪೈಪಿನ ಕಟ್ಟು ಬಿಡಿಸೋ ಪುಡಿಯೂ ಬೇಡ, ಕೆಲವದರಲ್ಲಿ ಅಲ್ಯೂಮಿನಿಯಂ ಚೂರು ಬೆರೆಸಿರುತ್ತಾರೆ.

ಅಲ್ಯೂಮಿನಿಯಂ ಅಂದಾಗ ನೆನಪಾಯಿತು, ಪಾತ್ರೆಯಲ್ಲಿ ಬುಸ್ ಅಂತ ಗುಳ್ಳೆ ಎದ್ದು ನೀರು ಕಪ್ಪು ಬೂದು ಬಣ್ಣಕ್ಕೆ ತಿರುಗಿದರೆ ಪಾತ್ರೆ ಅಲ್ಯೂಮಿನಿಯಂ ಅಥವಾ ಹಿಂಡಾಲಿಯಂ. ಕಾಸ್ಟಿಕ್ ಆ ಲೋಹವನ್ನೇ ತಿನ್ನುತ್ತದೆ, ಹೈಡ್ರೋಜನ್ ಗಾಳಿ ಬರುತ್ತದೆ, ಅದಕ್ಕೆ ಬೆಂಕಿ ಹತ್ತುತ್ತದೆ. ಒಲೆ ಆರಿಸಿ, ಪಾತ್ರೆಯನ್ನ ಹೊರಗೆ ಗಾಳಿಗೆ ಇಡಿ, ಆ ನೀರನ್ನ ಸೋಪಿಗೆ ಬಳಸಬೇಡಿ. ಬೇಕರಿಯ ಕೇಕ್ ಟಿನ್ನು ಅಚ್ಚು ಮಾಡಿಕೊಂಡರೂ ಇದೇ ಕಥೆ. ಸ್ಟೀಲ್ ಪಾತ್ರೆ ಸಾಕು.

ನೀರು ಮೊಸರು ನೀರಿನ ಹಾಗೆ ಬೆಳ್ಳಗಾಗಿ ತಳದಲ್ಲಿ ಬಿಳಿ ಗಸಿ ಕೂತರೆ ನಿಮ್ಮದು ಬೋರ್ ನೀರು. ಅದರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾಸ್ಟಿಕ್ ಬಿದ್ದ ತಕ್ಷಣ ಒಡೆದು ತಳಕ್ಕಿಳಿಯುತ್ತದೆ. ನೀರಿನ ಘಟಕದಿಂದ ತರೋ ಫಿಲ್ಟರ್ ಕ್ಯಾನ್ ನೀರು ಹಾಕಿ, 500 ಗ್ರಾಂ ಎಣ್ಣೆಗೆ ಬೇಕಾಗೋದು ಒಂದು ಲೋಟಕ್ಕಿಂತ ಕಮ್ಮಿ.

ಕಡೆದರೂ ಗಟ್ಟಿಯಾಗಲ್ಲ, ಅಥವಾ ಕಡೆಯೋ ಮೊದಲೇ ಮುದ್ದೆಯಾಗುತ್ತದೆ

ಸರಿಯಾದ ಹದ ಅಂದರೆ ದೋಸೆ ಹಿಟ್ಟು. ಚಮಚದಿಂದ ಮೇಲೆ ಹನಿಸಿದರೆ ಒಂದು ಗೆರೆ ಉಳಿಯಬೇಕು, ಅದಕ್ಕೇ ಟ್ರೇಸ್ ಅನ್ನೋದು. ಹ್ಯಾಂಡ್ ಬ್ಲೆಂಡರ್ ಇದ್ದರೆ ಐದು ನಿಮಿಷದೊಳಗೆ ಬರುತ್ತದೆ. ಬರೀ ಸೌಟಿನಲ್ಲಿ ತಿರುವಿದರೆ ಒಂದು ಗಂಟೆಯೂ ಆಗಬಹುದು, ಅದು ದೋಷ ಅಲ್ಲ, ತಾಳ್ಮೆ ಬೇಕು ಅಷ್ಟೆ. ಮಿಕ್ಸಿ ಜಾರಿಗೆ ಮಾತ್ರ ಹಾಕಬೇಡಿ, ಬಿಸಿ ಕಾಸ್ಟಿಕ್ ಮುಚ್ಚಳ ತಳ್ಳಿಕೊಂಡು ಬರುತ್ತದೆ.

ಡಿಸೆಂಬರ್, ಜನವರಿಯಲ್ಲಿ ಬೇರೆ ತರದ ತೊಂದರೆ. ಕೊಬ್ಬರಿ ಎಣ್ಣೆ 24-25 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ನಮ್ಮ ಕಡೆ ಬೆಳಿಗ್ಗೆ ಅದಕ್ಕಿಂತ ತುಂಬ ಚಳಿ. ಎಣ್ಣೆ ಸರಿಯಾಗಿ ಕರಗಿಸದೆ, ಅಥವಾ ತಣ್ಣಗಿನ ಪಾತ್ರೆಯಲ್ಲಿ ಕಡೆದರೆ ಎರಡೇ ನಿಮಿಷಕ್ಕೆ ದಪ್ಪ ಆಗುತ್ತದೆ. ಸೋಪಾಯಿತು ಅಂತ ಖುಷಿಯಾಗಿ ಅಚ್ಚಿಗೆ ಸುರಿಯುತ್ತೇವೆ. ನಿಜವಾಗಿ ಆಗಿದ್ದು ಎಣ್ಣೆ ಹೆಪ್ಪುಗಟ್ಟಿದ್ದು. ರಾತ್ರಿ ಒಳಗೆ ಅದು ಬೆಚ್ಚಗಾಗಿ ಕರಗುತ್ತದೆ, ಬೆಳಿಗ್ಗೆ ನೋಡಿದರೆ ಮೇಲೆ ಎಣ್ಣೆ, ಕೆಳಗೆ ಕಾಸ್ಟಿಕ್ ನೀರು. ಅನುಮಾನ ಬಂದರೆ ಪಾತ್ರೆಯನ್ನ ಬಿಸಿನೀರಿನ ಟಬ್ಬಿನಲ್ಲಿ ಹತ್ತು ನಿಮಿಷ ಇಡಿ. ಮತ್ತೆ ತೆಳ್ಳಗಾದರೆ ಅದು ಸುಳ್ಳು ಟ್ರೇಸ್, ಇನ್ನೂ ಕಡೆಯಬೇಕು. ಎಣ್ಣೆಯೂ ಕಾಸ್ಟಿಕ್ ನೀರೂ ಎರಡೂ 40 ಡಿಗ್ರಿ ಆಸುಪಾಸು ಇದ್ದಾಗ ಸೇರಿಸಿದರೆ ಈ ತೊಂದರೆ ಬರಲ್ಲ, ಪಾತ್ರೆಯನ್ನ ಹೊರಗಿನಿಂದ ಮುಟ್ಟಿದರೆ ಹಿತವಾದ ಬಿಸಿ ಇರಬೇಕು.

ಇದಕ್ಕೆ ಉಲ್ಟಾ, ವಾಸನೆ ಹಾಕಿದ ತಕ್ಷಣ ರಾಗಿ ಮುದ್ದೆ ತರ ಗಟ್ಟಿಯಾಗಿ ಸೌಟು ಸಿಕ್ಕಿಕೊಂಡರೆ ತಪ್ಪು ಆ ವಾಸನೆಯದು. ಲವಂಗದ ಎಣ್ಣೆ ಹೀಗೆ ಮಾಡುತ್ತದೆ, ಊದುಬತ್ತಿಗೆ ಹಾಕೋ ಸೆಂಟೂ ಮಾಡಬಹುದು. ಊದುಬತ್ತಿ ಸೆಂಟು ಮೈಗೆ ಹಚ್ಚೋಕೆ ಮಾಡಿದ್ದಲ್ಲ, ಅದನ್ನ ಸೋಪಿಗೆ ಹಾಕಲೇಬೇಡಿ. ಮುದ್ದೆಯಾದ ಸೋಪು ಕೆಟ್ಟಿಲ್ಲ. ಗ್ಲೌಸ್ ಹಾಕಿಕೊಂಡು ಅಚ್ಚಿಗೆ ಒತ್ತಿ ತುಂಬಿ, ಗಾಳಿ ಸಂದು ಬಿಡಬೇಡಿ. ನೋಡೋಕೆ ಒರಟು, ಕೆಲಸಕ್ಕೆ ಚೆನ್ನಾಗಿರುತ್ತದೆ.

ಅಚ್ಚಿನಲ್ಲಿ ಉಬ್ಬುತ್ತಿದೆ, ಬಿರುಕು ಬಿಟ್ಟಿದೆ, ಬೆಳ್ಳಗಾಗಿದೆ

ಏಪ್ರಿಲ್ ಬಿಸಿಲಲ್ಲಿ ಹಾಲು, ಬೆಲ್ಲ, ಜೇನು ಇದರಲ್ಲಿ ಯಾವುದಾದರೂ ಒಂದು ಹಾಕಿ ಸೋಪು ಮಾಡಿ, ಮೇಲೆ ಕಂಬಳಿ ಹೊದಿಸಿದರೆ ಅದು ಉಕ್ಕುತ್ತದೆ. ಸಕ್ಕರೆ ಅಂಶ ಶಾಖವನ್ನ ಜಾಸ್ತಿ ಮಾಡುತ್ತದೆ. ಮಧ್ಯದಲ್ಲಿ ಬಿರುಕು ಬಿಡೋದು ಮೊದಲ ಸೂಚನೆ. ಕಂಬಳಿ ತೆಗೆದು ಫ್ಯಾನ್ ಕೆಳಗೆ ಇಡಿ, ಅಚ್ಚಿನ ಅಡಿಗೆ ಒಂದು ಅಗಲವಾದ ಸ್ಟೀಲ್ ತಟ್ಟೆ ಇರಲಿ. ಬಿರುಕಷ್ಟೇ ಬಿಟ್ಟು ನಿಂತರೆ ಸೋಪಿಗೆ ಏನೂ ಆಗಿಲ್ಲ.

ಎರಡನೇ ದಿನ ಮೇಲ್ಭಾಗದಲ್ಲಿ ಬಿಳಿ ಪುಡಿ ಕಂಡರೆ ಹೆಚ್ಚಿನವರು ಹೆದರುತ್ತಾರೆ. ಗಾಳಿ ತಾಗೋ ಮೇಲಿನ ಮುಖದಲ್ಲಿ ಮಾತ್ರ ಇದೆಯಾ, ಒಳಗೆ ಕೊಯ್ದ ಕಡೆ ಇಲ್ಲವಾ? ಹಾಗಾದರೆ ಅದು ಬರೀ ಸೋಡಾ ಬೂದಿ. ಮೇಲ್ಮೈಯಲ್ಲಿದ್ದ ಒಂಚೂರು ಕಾಸ್ಟಿಕ್ ಗಾಳಿ ಜೊತೆ ಸೇರಿ ಆಗಿರೋದು. ಚಾಕುವಿನಿಂದ ಕೆರೆದುಬಿಡಿ. ಮುಂದಿನ ಸಲ ಅಚ್ಚಿನ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಮುಚ್ಚಿ. ಆದರೆ ಕೊಯ್ದಾಗ ಒಳಗೆ ಬಿಳಿ ಗಂಟು ಕಂಡರೆ, ಅದು ಮುರಿದಾಗ ಹರಳು ಹರಳಾಗಿ ಹೊಳೆದರೆ, ಅಥವಾ ಸಣ್ಣ ಗುಳಿಯಿಂದ ನೀರು ಒಸರಿದರೆ ಅದು ಕಾಸ್ಟಿಕ್ಕೇ. ಅದನ್ನ ಬರಿಗೈಯಲ್ಲಿ ಮುಟ್ಟಬೇಡಿ.

ಈ ಎರಡರ ಮಧ್ಯೆ ಇರೋದು ಪುಡಿಯಾಗೋ ಸೋಪು, ನನ್ನದರ ಹಾಗೆ. ಇದಕ್ಕೆ ಎರಡು ಕಾರಣ ಇರಬಹುದು. ಕಾಸ್ಟಿಕ್ ಜಾಸ್ತಿ ಆಗಿರಬಹುದು. ಇಲ್ಲವೇ ಕೊಬ್ಬರಿ ಎಣ್ಣೆಯೇ ಜಾಸ್ತಿ ಇರೋ ಸೋಪನ್ನ ತಡವಾಗಿ ಕೊಯ್ದಿರಬಹುದು. ಪೂರ್ತಿ ಕೊಬ್ಬರಿ ಎಣ್ಣೆಯ ಸೋಪು ಬೇಗ ಕಲ್ಲಾಗುತ್ತದೆ, ಅದೇ ದಿನ ಇನ್ನೂ ಬೆಚ್ಚಗಿರುವಾಗಲೇ ಕೊಯ್ಯಬೇಕು, ಮಾರನೇ ದಿನಕ್ಕೆ ಬಿಟ್ಟರೆ ಚಾಕುವಿಗೆ ಸಿಡಿಯುತ್ತದೆ. ಎರಡನ್ನೂ ಕಣ್ಣಿನಿಂದ ಬೇರೆ ಮಾಡೋಕೆ ಆಗಲ್ಲ. ಇಲ್ಲಿ ನಾಲಿಗೆ ಪರೀಕ್ಷೆ ಬೇಕು. ಮೂರು ದಿನ ಆದ ಮೇಲೆ, ಎಲ್ಲೂ ಹರಳು, ನೀರು ಕಾಣದ ಬಿಲ್ಲೆಯನ್ನ ಒದ್ದೆ ಬೆರಳಿನಿಂದ ಉಜ್ಜಿ, ಆ ಬೆರಳನ್ನ ನಾಲಿಗೆಯ ತುದಿಗೆ ಒಂದು ಕ್ಷಣ ತಾಗಿಸಿ. ಬರೀ ಸೋಪಿನ ರುಚಿ ಬಂದರೆ ಸರಿ ಇದೆ. ಬ್ಯಾಟರಿ ತಾಗಿಸಿದ ಹಾಗೆ ಚುರ್ ಅಂತ ಹೊಡೆದರೆ ಕಾಸ್ಟಿಕ್ ಉಳಿದಿದೆ, ತಕ್ಷಣ ಬಾಯಿ ತೊಳೆದುಕೊಳ್ಳಿ. ಒಂದು ವಾರ ಬಿಟ್ಟು ಮತ್ತೆ ನೋಡಿ, ಆಗಲೂ ಹೊಡೆದರೆ ಅದು ತಾನಾಗಿ ಹೋಗಲ್ಲ. ಮಕ್ಕಳ ಕೈಲಿ ಈ ಪರೀಕ್ಷೆ ಮಾಡಿಸಬೇಡಿ.

ಅರಿಶಿನ ಹಚ್ಚಿ ನೋಡೋರು ಇದ್ದಾರೆ. ಸುಣ್ಣ ತಾಗಿದರೆ ಅರಿಶಿನ ಕೆಂಪಾಗೋದು ನಮ್ಮೆಲ್ಲರಿಗೂ ಗೊತ್ತು, ಓಕುಳಿ ಮಾಡೋದೇ ಹಾಗೆ. ಆದರೆ ಒಳ್ಳೆ ಸೋಪೂ ಸ್ವಭಾವದಲ್ಲೇ ಕ್ಷಾರ, ಅದಕ್ಕೂ ಅರಿಶಿನ ಕೆಂಪಾಗುತ್ತದೆ. ಹಾಗಾಗಿ ಈ ಪರೀಕ್ಷೆಯಿಂದ ಏನೂ ಗೊತ್ತಾಗಲ್ಲ. ಸೋಪಿನೊಳಗೆ ಅರಿಶಿನ ಹಾಕಿ "ಕೆಂಪಾಯಿತಲ್ಲ, ಕೆಟ್ಟಿತಾ" ಅಂತ ಕೇಳೋರಿಗೂ ಇದೇ ಉತ್ತರ, ಕೆಟ್ಟಿಲ್ಲ, ಕೆಲವು ವಾರದಲ್ಲಿ ಬಣ್ಣ ತಿಳಿಯಾಗುತ್ತದೆ. ಗುಲಾಬಿ ಎಸಳು, ದಾಸವಾಳ, ಬೇವಿನ ಸೊಪ್ಪು ಇವೆಲ್ಲ ಕಂದಾಗೋದೂ ಸಹಜ.

ಮೆತ್ತಗಿದೆ, ಜಿಡ್ಡು ಜಿಡ್ಡಾಗಿದೆ

ಮೂರು ದಿನವಾದರೂ ಬೆರಳು ಒತ್ತಿದರೆ ಒಳಗೆ ಹೋಗುತ್ತದೆ ಅಂದರೆ ಮತ್ತೆ ಚೀಟಿ. ನೀರು ಜಾಸ್ತಿ ಹಾಕಿದ್ದರೆ ಬರೀ ಕಾಯಬೇಕು. ಕಡಲೆಕಾಯಿ ಎಣ್ಣೆ, ಹೊಂಗೆ ಎಣ್ಣೆ ಜಾಸ್ತಿ ಇದ್ದರೂ ನಿಧಾನವಾಗಿಯೇ ಗಟ್ಟಿಯಾಗುತ್ತದೆ. ಬೂದಿ ನೀರಿನಲ್ಲಿ ಮಾಡಿದ್ದರೆ ಗಟ್ಟಿಯಾಗೋದೇ ಇಲ್ಲ, ಬೂದಿಯಲ್ಲಿರೋದು ಪೊಟ್ಯಾಸಿಯಂ, ಅದರ ಸೋಪು ಯಾವಾಗಲೂ ಮೆತ್ತಗೆ. ನಿಂಬೆರಸ ಹಾಕಿದ್ದರೆ ಆ ಹುಳಿ ಒಂದಷ್ಟು ಕಾಸ್ಟಿಕ್ಕನ್ನ ನುಂಗಿಬಿಟ್ಟಿರುತ್ತದೆ, ಅಷ್ಟು ಎಣ್ಣೆ ಎಣ್ಣೆಯಾಗಿಯೇ ಉಳಿಯಿತು.

ಎಣ್ಣೆಯಲ್ಲೇ ಮೋಸ ಇರಬಹುದು. ತಲೆಗೆ ಹಚ್ಚೋ ಎಣ್ಣೆ ಬಾಟಲಿಯ ಹಿಂದೆ ಸಣ್ಣ ಅಕ್ಷರ ಓದಿ, ಲಿಕ್ವಿಡ್ ಪ್ಯಾರಾಫಿನ್ ಅಥವಾ ಮಿನರಲ್ ಆಯಿಲ್ ಅಂತ ಇದ್ದರೆ ಅದು ಯಾವ ಜನ್ಮಕ್ಕೂ ಸೋಪಾಗಲ್ಲ. ಮೇಲೆ ಜಿಡ್ಡು, ಒಳಗೆ ಕಾಸ್ಟಿಕ್ ಎರಡೂ ಒಟ್ಟಿಗೆ ಉಳಿಯುತ್ತವೆ. ಅಡುಗೆಯ ಕೊಬ್ಬರಿ ಎಣ್ಣೆ ಬಗ್ಗೆ ಅನುಮಾನ ಇದ್ದರೆ ಒಂದು ಲೋಟದಲ್ಲಿ ಫ್ರಿಜ್‌ನಲ್ಲಿಡಿ. ಅಪ್ಪಟ ಎಣ್ಣೆ ಮೇಲಿಂದ ಕೆಳಗಿನವರೆಗೆ ಬಿಳಿ ಗಟ್ಟಿಯಾಗುತ್ತದೆ, ಮೇಲೆ ತೆಳ್ಳಗಿನ ಎಣ್ಣೆ ನಿಂತರೆ ಬೇರೆ ಏನೋ ಬೆರೆಸಿದ್ದಾರೆ.

ಮಳೆಗಾಲದಲ್ಲಿ ಬಿಲ್ಲೆ ಮೇಲೆ ಬೆವರಿನ ಹನಿ ಕಾಣೋದು ಜಿಡ್ಡಲ್ಲ. ಸೋಪಿನೊಳಗಿನ ಗ್ಲಿಸರಿನ್ ಗಾಳಿಯ ತೇವ ಎಳೆಯುತ್ತದೆ. ಒರೆಸಿ, ಗಾಳಿ ಆಡೋ ಕಡೆ ಇಡಿ. ಚಿಂತಾಮಣಿ ಕಡೆಯ ನನ್ನ ಚಿಕ್ಕಮ್ಮ ರೇಷ್ಮೆ ಹುಳು ಸಾಕೋ ಹಳೆಯ ಬಿದಿರ ತಟ್ಟೆಯಲ್ಲಿ ಒಣಗಿಸುತ್ತಾರೆ. ಕೆಳಗಿನಿಂದಲೂ ಗಾಳಿ ಬರುತ್ತದೆ, ಅದಕ್ಕಿಂತ ಒಳ್ಳೆಯ ವ್ಯವಸ್ಥೆ ನಾನು ನೋಡಿಲ್ಲ.

ನೊರೆ ಬರ್ತಿಲ್ಲ

ನನಗೆ ಜಾಸ್ತಿ ಬರೋ ದೂರು ಇದು. ಇಲ್ಲಿ ಹೆಚ್ಚು ಸಲ ಸೋಪಿನದು ತಪ್ಪೇ ಇರಲ್ಲ. ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ತುಮಕೂರಿನ ಪಾವಗಡ, ಶಿರಾ ಕಡೆ ವರ್ಷವಿಡೀ ಹರಿಯೋ ಹೊಳೆ ಇಲ್ಲ, ಸಾವಿರ ಅಡಿಗೂ ಕೆಳಗಿನ ಬೋರ್ ನೀರು ಬಳಸೋರು ಬಹಳ ಜನ. ಅಂಥ ನೀರು ಗಡಸು. ಅದರಲ್ಲಿರೋ ಕ್ಯಾಲ್ಸಿಯಂ ಸೋಪನ್ನ ಹಿಡಿದು ನೀರಿನಲ್ಲಿ ಕರಗದ ಬಿಳಿ ಗಸಿ ಮಾಡಿಬಿಡುತ್ತದೆ. ಬಕೆಟ್ಟಿನ ಅಂಚಿಗೆ ಅಂಟೋ ಜಿಗುಟು ಅದೇ, ತಲೆ ತೊಳೆದರೆ ಕೂದಲು ಅಂಟಂಟು ಆಗೋದೂ ಅದರಿಂದಲೇ. ಕ್ಯಾಲ್ಸಿಯಂ ಪೂರ್ತಿ ಮುಗಿದ ಮೇಲೆ ಹಾಕಿದ ಸೋಪು ಮಾತ್ರ ನೊರೆ ಕೊಡುತ್ತದೆ.

ಸೋಪಾ ನೀರಾ ಅಂತ ತಿಳಿಯೋಕೆ ಎರಡು ಬಾಟಲಿ ತಗೊಳ್ಳಿ. ಒಂದಕ್ಕೆ ಬೋರ್ ನೀರು, ಇನ್ನೊಂದಕ್ಕೆ ಕ್ಯಾನ್ ನೀರು ಅಥವಾ ಮಳೆ ನೀರು, ಸಮಸಮ. ಎರಡಕ್ಕೂ ಕಡಲೆಬೇಳೆಯಷ್ಟು ಸೋಪಿನ ತುರಿ ಹಾಕಿ ಕುಲುಕಿ. ಎರಡರಲ್ಲೂ ನೊರೆ ಇಲ್ಲ ಅಂದರೆ ದೋಷ ಸೋಪಿನಲ್ಲಿ, ಹರಳೆಣ್ಣೆ ಅಥವಾ ಹೊಂಗೆ ಎಣ್ಣೆ ಜಾಸ್ತಿ ಆಗಿರಬಹುದು, ಇಲ್ಲವೇ ಇನ್ನೂ ಒಣಗಿಲ್ಲ. ಕ್ಯಾನ್ ನೀರಿನಲ್ಲಿ ತುಂಬ ನೊರೆ, ಬೋರ್ ನೀರಿನಲ್ಲಿ ಒಡೆದ ಹಾಲಿನ ಹಾಗೆ ಬಂದರೆ ನಿಮ್ಮ ಸೋಪು ಚೆನ್ನಾಗಿದೆ. ಕೋಲಾರದಲ್ಲಿರೋ ನನ್ನ ತಮ್ಮನ ಹೆಂಡತಿ ಇದೇ ಕಾರಣಕ್ಕೆ ಇಡೀ ಕಂತು ಎಸೆಯೋಕೆ ಹೊರಟಿದ್ದಳು. ಫೋನಿನಲ್ಲೇ ಈ ಪರೀಕ್ಷೆ ಹೇಳಿದೆ, ಎಸೆಯಲಿಲ್ಲ.

ನೀರು ಬದಲಾಯಿಸೋಕೆ ಆಗಲ್ಲ, ಸೋಪು ಬದಲಾಯಿಸಬಹುದು. ಕೊಬ್ಬರಿ ಎಣ್ಣೆಯ ಸೋಪು ಸಮುದ್ರದ ನೀರಿನಲ್ಲೂ ನೊರೆ ಬರುತ್ತದೆ, ನಾನು ಅದನ್ನ ನೂರಕ್ಕೆ 60 ಇಟ್ಟಿರೋದು ಇದಕ್ಕೇ. ಇನ್ನೊಂದು, ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. 500 ಗ್ರಾಂ ಎಣ್ಣೆಗೆ 10 ಗ್ರಾಂ ನಿಂಬೆ ಉಪ್ಪನ್ನ ಮೊದಲು ನೀರಿನಲ್ಲಿ ಕರಗಿಸಿ, ಆಮೇಲೆ ಕಾಸ್ಟಿಕ್ ಹಾಕಬೇಕು, ಆದರೆ 75ರ ಬದಲು 81 ಗ್ರಾಂ. ಆ 6 ಗ್ರಾಂ ನಿಂಬೆ ಉಪ್ಪಿಗೆ ಹೋಗುತ್ತದೆ, ಅದರಿಂದ ಆಗೋ ಸಿಟ್ರೇಟ್ ಕ್ಯಾಲ್ಸಿಯಂ ಅನ್ನ ಹಿಡಿದಿಡುತ್ತದೆ. ಈ 6 ಗ್ರಾಂ ಸೇರಿಸೋದು ಮರೆತರೆ ಮೆತ್ತಗಿನ ಸೋಪು.

ಒಣಗಿದೆಯಾ ಅನ್ನೋದಕ್ಕೂ ತಕ್ಕಡಿಯೇ ಉತ್ತರ. ಒಂದು ಬಿಲ್ಲೆಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ. 100 ಗ್ರಾಮಿನದು ನಾಲ್ಕರಿಂದ ಆರು ವಾರದಲ್ಲಿ 90ರ ಹತ್ತಿರ ಇಳಿಯುತ್ತದೆ. ಎರಡು ವಾರ ತೂಕ ಇಳಿಯದೆ ನಿಂತರೆ ಬಳಸಬಹುದು.

ಕಿತ್ತಳೆ ಚುಕ್ಕೆ, ಕಮಟು ವಾಸನೆ

ಎರಡು ಮೂರು ತಿಂಗಳ ಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಎದ್ದು ಹಳೆ ಎಣ್ಣೆಯ ವಾಸನೆ ಬಂದರೆ ಉಳಿದ ಎಣ್ಣೆ ಕಮಟಾಗಿದೆ. ಬೋಂಡ ಕರಿದ ಎಣ್ಣೆ, ಹಳೆಯ ಕಡಲೆಕಾಯಿ ಎಣ್ಣೆ, ಗಸಿ ಕೂರಿಸದೆ ಹಾಕಿದ ಗಾಣದ ಎಣ್ಣೆ, ಕಬ್ಬಿಣದ ಅಂಶ ಇರೋ ನೀರು, ತುಕ್ಕು ಹಿಡಿದ ಜಾಲರಿ ಮೇಲೆ ಒಣಗಿಸಿದ್ದು, ಇದರಲ್ಲಿ ಯಾವುದಾದರೂ ಇರಬಹುದು. ಗಾಣದ ಎಣ್ಣೆಯನ್ನ ಒಂದು ವಾರ ಅಲ್ಲಾಡಿಸದೆ ಇಟ್ಟು ಮೇಲಿನ ತಿಳಿಯನ್ನ ಮಾತ್ರ ಬಳಸಿ. ಚುಕ್ಕೆ ಬಂದ ಬಿಲ್ಲೆ ಬಟ್ಟೆಗೆ, ಪಾತ್ರೆಗೆ ಆಗುತ್ತದೆ.

ಮತ್ತೆ ಬೇಯಿಸೋದು

ಒಡೆದು ಬೇರೆಯಾಗಿದ್ದು, ಕಾಸ್ಟಿಕ್ ಜಾಸ್ತಿ ಆಗಿದ್ದು, ಇವೆರಡನ್ನ ಉಳಿಸಬಹುದು, ಆದರೆ ಎಷ್ಟು ತಪ್ಪಾಗಿದೆ ಅಂತ ಚೀಟಿಯಿಂದ ಗೊತ್ತಿದ್ದರೆ ಮಾತ್ರ. ಗೊತ್ತಿಲ್ಲದಿದ್ದರೆ ಅಂದಾಜಿನಲ್ಲಿ ಎಣ್ಣೆ ಸುರಿಯಬೇಡಿ, ಕಾಸ್ಟಿಕ್ ಅಂತೂ ಸೇರಿಸಲೇಬೇಡಿ. ಅಂಥದ್ದನ್ನ ಎಸೆಯೋದೇ ಒಳ್ಳೆಯದು, ಎಣ್ಣೆ ಹಾಳಾಯಿತಲ್ಲ ಅಂತ ಹೊಟ್ಟೆ ಉರಿದರೂ ಸರಿ.

ನನ್ನದರಲ್ಲಿ ಲೆಕ್ಕ ಸ್ಪಷ್ಟ ಇತ್ತು. 455 ಗ್ರಾಂ ಕೊಬ್ಬರಿ ಎಣ್ಣೆಗೆ ಹೆಚ್ಚೆಂದರೆ 83 ಗ್ರಾಂ ಕಾಸ್ಟಿಕ್ ಬೇಕು, ನಾನು ಹಾಕಿದ್ದು 87. ಬಿಟ್ಟುಹೋಗಿದ್ದ 45 ಗ್ರಾಂ ಎಣ್ಣೆ ತೂಗಿಟ್ಟುಕೊಂಡೆ. ಗ್ಲೌಸ್ ಹಾಕಿ ಪುಡಿಯನ್ನೆಲ್ಲ ಸ್ಟೀಲ್ ಪಾತ್ರೆಗೆ ತುಂಬಿದೆ, ಅರ್ಧ ಲೋಟ ಕ್ಯಾನ್ ನೀರು ಹಾಕಿದೆ, ಇನ್ನೊಂದು ದೊಡ್ಡ ಪಾತ್ರೆಯ ಕುದಿಯೋ ನೀರಿನ ಮೇಲೆ ಇಟ್ಟು ಮುಚ್ಚಿದೆ. ಕರಗಿ ಹಿಸುಕಿದ ಆಲೂಗಡ್ಡೆ ಹದಕ್ಕೆ ಬಂದ ಮೇಲೆ ಎಣ್ಣೆ ಸೇರಿಸಿ, ಹತ್ತು ನಿಮಿಷಕ್ಕೊಮ್ಮೆ ತಿರುವುತ್ತಾ ಒಂದೂವರೆ ಗಂಟೆ ಬೇಯಿಸಿದೆ. ತಣ್ಣಗಾದ ಒಂದು ಚೂರನ್ನ ನಾಲಿಗೆಗೆ ತಾಗಿಸಿದಾಗ ಹೊಡೆಯಲಿಲ್ಲ. ಬಟರ್ ಪೇಪರ್ ಹಾಸಿದ ಪ್ಲಾಸ್ಟಿಕ್ ಡಬ್ಬಿಗೆ ಒತ್ತಿ ತುಂಬಿ, ಸಂಜೆಗೇ ಕೊಯ್ದೆ. ಒಂಬತ್ತು ಬಿಲ್ಲೆ ಬಂದವು. ಐದು ವಾರ ಒಣಗಿಸಿ, ಮೊದಲನೆಯದನ್ನ ಅತ್ತೆಗೆ ಕಳಿಸಿದೆ.